ಚಿಕ್ಕಪ್ಪನ ಕೂಗು

ನಮ್ಮ ಚಿಕ್ಕಪ್ಪನ ಕೂಗನ್ನು ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಅವನನ್ನು ನಂಬುತ್ತಿದ್ದರು. ಮನೆಯ ಬೀಗದ ಕೈ ಅವನ ಹತ್ತಿರ ಕೊಟ್ಟು ನೆಂಟರ ಮದುವೆಗೆ ಹೋಗುವಷ್ಟು ನಂಬುತ್ತಿದ್ದರು. ಕೂಗನ್ನು ಮಾತ್ರ ಇಲ್ಲ. ಕಬ್ಬು ಬೆಳೆಯುವ ಊರಿನವರಿಗೆ ಇದು ಎಂಥ ಅವಮಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮೂರು ಪಾಂಡವಪುರಕ್ಕೆ ಹತ್ತಿರ, ಕೆ.ಆರ್.ಎಸ್.ನಿಂದ ಬರುವ ನಾಲೆಯ ಪಕ್ಕದಲ್ಲಿದೆ. ಗದ್ದೆಗಳೆಲ್ಲ ತಗ್ಗಿನಲ್ಲಿ, ರಸ್ತೆ ನಾಲೆ ಏರಿಯ ಮೇಲೆ. ಕಬ್ಬು ಕಡಿದು ಟ್ರೈಲರಿಗೆ ತುಂಬಿದ ಮೇಲೆ ಟ್ರಾಕ್ಟರು ಗದ್ದೆಯಿಂದ ಏರಿಗೆ ಹತ್ತಬೇಕು. ಹಿಂದೆ ಅಷ್ಟು ಭಾರ ಎಳೆದುಕೊಂಡು ದಿಣ್ಣೆ ಹತ್ತುವಾಗ ಟ್ರಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ನಮ್ಮ ಕಡೆ ಅದಕ್ಕೆ ‘ಮೂತಿ ಎತ್ತೋದು’ ಅನ್ನುತ್ತಾರೆ. ಗೇಣುದ್ದ ಎತ್ತಿದರೆ ಹುಡುಗಾಟ, ಮೊಳದುದ್ದ ಎತ್ತಿದರೆ ಮನೆದೇವರ ನೆನಪು, ಅದಕ್ಕೂ ಹೆಚ್ಚಾದರೆ ಟ್ರಾಕ್ಟರು ಹಿಂದಕ್ಕೆ ಮಗುಚಿ ಓಡಿಸುವವನ ಮೇಲೇ ಬೀಳುತ್ತದೆ. ಓಡಿಸುವವನಿಗೆ ಮೂತಿ ನೋಡಲು ಪುರಸೊತ್ತಿಲ್ಲ. ಅವನ ಕತ್ತು ಹಿಂದಕ್ಕೆ ತಿರುಗಿ, ಟ್ರೈಲರು ಎಲ್ಲಿ ವಾಲುತ್ತದೋ ಎಂದು ಕಾಯುತ್ತಿರುತ್ತದೆ. ಅದಕ್ಕೇ ಮುಂದೆ ಒಬ್ಬ ಪಕ್ಕಕ್ಕೆ ನಿಂತು ಗಾಲಿ ನೋಡುತ್ತಾನೆ. ಗಾಲಿ ಹದ ಮೀರಿ ಎದ್ದಿತೋ, ‘ಬುಡು!’ ಎಂದು ಕೂಗುತ್ತಾನೆ, ಅಂದರೆ ಎಳೆಯುವುದನ್ನು ಬಿಡು ಎಂದು. ಕೂಗಿದ ಕೂಡಲೇ ಓಡಿಸುವವನು ಕ್ಲಚ್ ತುಳಿಯಬೇಕು. ಯಾಕೆ, ಏನು ಎಂದು ಮುಂದಕ್ಕೆ ತಿರುಗಿ ನೋಡುವ ಹಾಗಿಲ್ಲ. ತುಳಿದರೆ ಮೂತಿ ಇಳಿಯುತ್ತದೆ, ಹಿಂದೆ ನಿಂತವನು ಟ್ರೈಲರಿನ ಗಾಲಿಗೆ ಕಲ್ಲು ಕೊಡುತ್ತಾನೆ, ಮತ್ತೆ ಮೊದಲಿನಿಂದ.

ಹಾಗೆ ಕೂಗುವುದರಲ್ಲಿ ಚಿಕ್ಕಪ್ಪನದು ಎತ್ತಿದ ಕೈ. ಬೇರೆ ಊರುಗಳಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವ ನೆಂಟರು ಕೂಡ ಕಷ್ಟದ ದಿಣ್ಣೆ ಇದ್ದರೆ ಅವನಿಗೆ ಹೇಳಿ ಕಳಿಸುತ್ತಿದ್ದರು. ಅವನಿಗೆ ಅದು ಕೂಲಿಯ ಕೆಲಸವಾಗಿರಲಿಲ್ಲ, ಮರ್ಯಾದೆಯ ಕೆಲಸವಾಗಿತ್ತು.

ನಾನು ಪಿಯುಸಿ ಓದುತ್ತಿದ್ದಾಗ, ನಮ್ಮದೇ ಗದ್ದೆಯ ಕಬ್ಬು ಸಾಗಿಸುತ್ತಿದ್ದ ದಿನ, ಆ ಮರ್ಯಾದೆ ಹೋಯಿತು. ಟ್ರಾಕ್ಟರಿನ ಮೇಲೆ ಅಪ್ಪ, ಮುಂದೆ ಚಿಕ್ಕಪ್ಪ. ಮೂತಿ ಎದ್ದಿತು, ಎದ್ದೇ ಎದ್ದಿತು. ಅಣ್ಣ ಸತ್ತೇಹೋದ ಎಂದುಕೊಂಡ ಚಿಕ್ಕಪ್ಪ ಓಡಿಬಂದು ಮುಂದಿನ ಬಂಪರಿಗೆ ಜೋತುಬಿದ್ದ, ತನ್ನ ಮೈಯ ಭಾರಕ್ಕಾದರೂ ಇಳಿಯಲಿ ಎಂದು. ಇಳಿಯಿತು. ಇಳಿದ ಗಾಲಿ ಅವನ ಎಡಪಾದದ ಮೇಲೆ ಬಂದು ಕೂತಿತು. ಅವತ್ತಿನಿಂದ ಚಿಕ್ಕಪ್ಪ ಕುಂಟುತ್ತಾನೆ.

ಪಾದದ ನೋವು ಹೇಗೋ ತಡೆದುಕೊಳ್ಳುತ್ತಿದ್ದನೇನೋ. ಒಂದು ವಾರ ಕಳೆದ ಮೇಲೆ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಊರಿನವರು ಕೇಳಿದಾಗ ಅಪ್ಪ ಹೇಳಿದ, ‘ಅವ್ನು ಕೂಗ್ನೇ ಇಲ್ಲ ಕಣ್ರಯ್ಯ. ಕೂಗಿದ್ರೆ ನಂಗ್ ಕೇಳುಸ್ತಿರ್ನಿಲ್ವ?’

ಕೋಲೂರಿಕೊಂಡು ಅಲ್ಲೇ ನಿಂತಿದ್ದ ಚಿಕ್ಕಪ್ಪ, ‘ಕೂಗ್ದೆ’ ಅಂದ. ಅಷ್ಟೇ ಅಂದ.

ಅಪ್ಪ ಊರಿನಲ್ಲಿ ದೊಡ್ಡ ಮನುಷ್ಯ. ನಾಲ್ಕು ಜನ ಅವನ ಮಾತಿಗೆ ತಲೆಯಾಡಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಯಾರ ಟ್ರಾಕ್ಟರಿನ ಮುಂದೆಯೂ ಚಿಕ್ಕಪ್ಪನನ್ನು ನಿಲ್ಲಿಸಲಿಲ್ಲ. ಮನೆ ಪಾಲಾಯಿತು, ನಡುಮನೆಯಲ್ಲಿ ಗೋಡೆ ಎದ್ದಿತು. ಆ ಗೋಡೆಯ ಮೇಲಿಂದ ಅಮ್ಮನೂ ಚಿಕ್ಕಮ್ಮನೂ ದಿನಾ ಸಾರಿನ ಬಟ್ಟಲು ದಾಟಿಸುತ್ತಿದ್ದರು. ನಾನೂ ಚಿಕ್ಕಪ್ಪನೂ ಮಾತಾಡುತ್ತಿದ್ದೆವು. ಅಣ್ಣತಮ್ಮಂದಿರ ನಡುವೆ ಮಾತ್ರ ಆರೇಳು ವರ್ಷ ಒಂದು ಮಾತೂ ದಾಟಲಿಲ್ಲ. ನಾನು ಅಪ್ಪನ ಮಗಳು. ಅಪ್ಪ ಕೇಳಿಸಲಿಲ್ಲ ಎಂದಿದ್ದಾನೆ, ಅಂದರೆ ಕೂಗಿರಲಿಕ್ಕಿಲ್ಲ ಎಂದೇ ಇದ್ದೆ. ಹೆಚ್ಚು ಯೋಚಿಸಲೂ ಹೋಗಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಹೊತ್ತಿಗೆ ನಾನು ಪಾಂಡವಪುರದಲ್ಲಿ ಒಂದು ಗೊಬ್ಬರದಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಮುಂದೆ ಯೂರಿಯಾ, ಹಿಂದೆ ಕಂಪ್ಯೂಟರು. ಎರಡಕ್ಕೂ ಒಬ್ಬರೇ ಮಾಲೀಕರು. ಕೋಣೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಹುಡುಗರನ್ನು ಸೆಳೆಯಲೆಂದು ಮಾಲೀಕರು ಬೆಂಗಳೂರಿನಿಂದ ವಿಮಾನ ಹಾರಿಸುವ ಒಂದು ಪ್ರೋಗ್ರಾಮು, ಅದಕ್ಕೊಂದು ಜಾಯ್‌ಸ್ಟಿಕ್ಕು, ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತಂದರು. ಹುಡುಗರು ಎರಡು ದಿನ ಮುಗಿಬಿದ್ದರು. ಅದರಲ್ಲಿ ಗುಂಡು ಹೊಡೆಯುವಂತಿಲ್ಲ, ಯಾರನ್ನೂ ಹಿಂದೆ ಹಾಕುವಂತಿಲ್ಲ, ಮೇಲೇರುವುದಕ್ಕೇ ಅಷ್ಟೊಂದು ಓದಬೇಕು ಎಂದು ಗೊತ್ತಾದಾಗ ಕಾರಿನ ಆಟಕ್ಕೆ ವಾಪಸು ಹೋದರು. ಪುಸ್ತಕವನ್ನು ಪೂರ್ತಿ ಓದಿದವಳು ನಾನೊಬ್ಬಳೇ. ಮಧ್ಯಾಹ್ನ ಕ್ಲಾಸಿಲ್ಲದ ಹೊತ್ತಿನಲ್ಲಿ ನಾನು ಎರಡು ಎಂಜಿನ್ನಿನ ಪ್ರಯಾಣಿಕರ ಜೆಟ್ಟು ಹಾರಿಸುತ್ತಿದ್ದೆ. ವಿಮಾನವನ್ನು ನಾನು ಹತ್ತಿರದಿಂದ ಕಂಡವಳೂ ಅಲ್ಲ. ಆದರೂ ಆ ಹುಚ್ಚು ಹಿಡಿಯಿತು, ಯಾಕೆ ಅಂತ ಇವತ್ತಿಗೂ ಹೇಳಲಾರೆ.

ನನ್ನನ್ನು ಹಿಡಿದದ್ದು ಆಕಾಶವಲ್ಲ, ನೆಲ ಬಿಡುವ ಹೊತ್ತು. ಅದರ ಕ್ರಮ ಹೀಗೆ. ರನ್‌ವೇ ತುದಿಯಲ್ಲಿ ನಿಂತು ಎಂಜಿನ್ನಿಗೆ ಪೂರ್ತಿ ಬಲ ಕೊಡಬೇಕು. ಎಂಬತ್ತು ನಾಟ್ ವೇಗಕ್ಕೆ, ಅಂದರೆ ಗಂಟೆಗೆ ಸುಮಾರು ನೂರೈವತ್ತು ಕಿಲೋಮೀಟರಿಗೆ, ಒಂದು ಕೂಗು, ಅಲ್ಲಿಯವರೆಗೆ ಎಲ್ಲ ಸರಿಯಿದೆ ಎಂದು. ಆಮೇಲಿನ ಕೂಗು ವೀ ಒನ್, ಅದೂ ಒಂದು ವೇಗದ ಹೆಸರೇ. ಅದರೊಳಗೆ ಏನಾದರೂ ಕೆಟ್ಟರೆ ನಿಲ್ಲಿಸಬಹುದು, ದಾಟಿದ ಮೇಲೆ ಒಂದು ಎಂಜಿನ್ನು ಹೋದರೂ ಹಾರಲೇಬೇಕು, ಮುಂದೆ ನಿಲ್ಲುವಷ್ಟು ದಾರಿ ಉಳಿದಿರುವುದಿಲ್ಲ. ಆ ಕೂಗು ಕೇಳಿದ ಕೂಡಲೇ ಓಡಿಸುವವನು ಎಂಜಿನ್ನಿನ ಬಲ ಏರಿಸುವ ಹಿಡಿಯಿಂದ ಕೈ ತೆಗೆದುಬಿಡಬೇಕು. ಕೈ ಅಲ್ಲೇ ಇದ್ದರೆ ಹೆದರಿಕೆಯಲ್ಲಿ ಹಿಂದಕ್ಕೆ ಎಳೆದೀತು ಎಂದು. ಅದರ ಬೆನ್ನಿಗೇ ‘ರೊಟೇಟ್’. ಅಂದರೆ ಮೂತಿ ಎತ್ತು. ಭಾರ ಹೆಚ್ಚಿದಷ್ಟೂ ಈ ವೇಗಗಳು ಹೆಚ್ಚುತ್ತವೆ. ನಾನು ಹೊರಿಸಿಕೊಂಡ ಭಾರಕ್ಕೆ ವೀ ಒನ್ ನೂರ ಮೂವತ್ತು, ಎತ್ತುವುದು ನೂರ ನಲವತ್ತು.

ಎತ್ತುವುದಕ್ಕೂ ಒಂದು ಹದ. ಜಗ್ಗಿ ಎಳೆದರೆ ಹಿಂದಿನ ಗಾಲಿಗಳು ಇನ್ನೂ ನೆಲದಲ್ಲಿರುವಾಗಲೇ ಮೂತಿ ಮೇಲೆ ಹೋಗಿ ಬಾಲ ನೆಲಕ್ಕೆ ಬಡಿಯುತ್ತದೆ. ಹಿಂಜರಿದು ಎಳೆದರೆ ರನ್‌ವೇ ಮುಗಿದುಹೋಗುತ್ತದೆ. ಒಂದೇ ಸಮ, ನಿಧಾನವಾಗಿ, ನಿಲ್ಲಿಸದೆ ಎತ್ತಬೇಕು. ಮಲಗಿದ ಕೂಸಿನ ಕತ್ತಿನ ಕೆಳಗೆ ಕೈಯಿಟ್ಟು ಎತ್ತುತ್ತೇವಲ್ಲ, ಹಾಗೆ. ನಾನು ಸಿಡುಕಿ. ಮೊದಲ ತಿಂಗಳು ನಾನು ಬಡಿದ ಬಾಲಗಳಿಗೆ ಲೆಕ್ಕವಿಲ್ಲ.

ಬಾಲಕ್ಕಿಂತ ದೊಡ್ಡ ತೊಂದರೆ ಕಣ್ಣಿನದು. ವೇಗದ ಮುಳ್ಳನ್ನು ನೋಡಿದರೆ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತದೆ, ರನ್‌ವೇ ನೋಡಿದರೆ ಮುಳ್ಳು ದಾಟಿಹೋಗುತ್ತದೆ. ನಿಜವಾದ ವಿಮಾನದಲ್ಲಿ ಪಕ್ಕದಲ್ಲಿ ಇನ್ನೊಬ್ಬರಿರುತ್ತಾರೆ. ಅವರು ಮುಳ್ಳು ನೋಡುತ್ತಾ ಕೂಗುತ್ತಾರೆ, ಇವರು ಹೊರಗೆ ನೋಡುತ್ತಾ ಎತ್ತುತ್ತಾರೆ. ಪುಸ್ತಕದಲ್ಲಿ ಅದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ನಾಲೆ ಏರಿಯ ಕಥೆಯೇ ಆಯಿತಲ್ಲ ಅನ್ನಿಸಿತು.

ಚಿಕ್ಕಪ್ಪ ಆಗ ಎರಡು ಹಸು ಕಟ್ಟಿಕೊಂಡಿದ್ದ. ಬೂಸಾ ಹಿಂಡಿ ಕೊಳ್ಳಲು ಪಾಂಡವಪುರಕ್ಕೆ ಬಂದಾಗ, ಊರಿನ ಬಸ್ಸು ಬರುವವರೆಗೆ ಮೂಟೆಯನ್ನು ನಮ್ಮ ಅಂಗಡಿಯ ಮುಂದೆ ಇಟ್ಟು ಒಳಗೆ ಬಂದು ಕೂರುತ್ತಿದ್ದ. ಒಂದು ಮಧ್ಯಾಹ್ನ ಪಕ್ಕಕ್ಕೆ ಸ್ಟೂಲು ಎಳೆದು, ‘ಚಿಕ್ಕಪ್ಪ, ಇಲ್ಲಿ ಕೂತ್ಕೊ. ಈ ಮುಳ್ಳು ನೋಡು. ಇದು ಇಲ್ಲಿಗೆ ಬಂದಾಗ ನಂಗೆ ಕೂಗಿ ಹೇಳು’ ಅಂದೆ.

ಅವನು ಕೂರಲಿಲ್ಲ. ‘ಬ್ಯಾಡ ಕಣವ್ವ. ನನ್ ಕೂಗ್ ನೆಚ್ಕಂಡು ಯಾರೂ ಏನೂ ಮಾಡ್ಬಾರ್ದು’ ಅಂದ.

ಹೇಳಿದ ರೀತಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಮಳೆ ಬರೋ ಹಾಗಿದೆ ಅನ್ನುವ ಹಾಗೆ ಹೇಳಿದ. ‘ಇಲ್ಲಿ ಬಿದ್ರೆ ಯಾರೂ ಸಾಯಲ್ಲ, ಕೂತ್ಕೊ’ ಎಂದು ಗದರಿಸಿ ಕೂರಿಸಿದೆ.

ಇಂಗ್ಲಿಷ್ ಹೆಸರುಗಳು ಅವನ ಬಾಯಿಗೆ ಹೊಂದಲಿಲ್ಲ. ತನ್ನದೇ ಕೂಗು ಮಾಡಿಕೊಂಡ. ಎಂಬತ್ತಕ್ಕೆ ‘ಎಂಬತ್ತು’. ವೀ ಒನ್ನಿಗೆ ‘ಆಯ್ತು’, ಅಂದರೆ ನಿಲ್ಲಿಸುವ ಕಾಲ ಮುಗಿಯಿತು. ಆಮೇಲೆ ‘ಎತ್ತು’. ಗಾಲಿಗಳು ಎದ್ದು ಎತ್ತರ ತೋರಿಸುವ ಮುಳ್ಳು ಅಲುಗಿತೋ, ‘ನೆಲ ಬುಡ್ತು’. ಅದು ಕೇಳಿದ ಮೇಲೆ ನಾನು ಗಾಲಿ ಮಡಿಸುತ್ತಿದ್ದೆ.

ಕೂಗೇನೋ ಚೆನ್ನಾಗಿತ್ತು, ಆದರೆ ಪ್ರತಿಸಲವೂ ತಡ. ಮುಳ್ಳು ನೂರ ನಲವತ್ತು ದಾಟಿ, ನೂರೈವತ್ತು ದಾಟಿ, ಆಮೇಲೆ ‘ಎತ್ತು’ ಬರುತ್ತಿತ್ತು. ಎರಡು ಸಲ ಸುಮ್ಮನಿದ್ದೆ. ಮೂರನೆಯ ಸಲ ವಿಮಾನ ರನ್‌ವೇಯ ಕೊನೆಯ ದೀಪಗಳನ್ನು ಸವರಿಕೊಂಡು ಎದ್ದಾಗ ರೇಗಿತು. ‘ಅಟ್ಟ ಮೇಲೆ ಒಲೆ ಉರಿದ ಹಾಗಾಯ್ತು ನಿನ್ನ ಕೂಗು!’ ಅಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದರ ಜೊತೆಗೇ ಒಂದು ಕೆಟ್ಟ ಯೋಚನೆಯೂ ಬಂತು. ಹಾಗಾದರೆ ಅಪ್ಪ ಹೇಳಿದ್ದು ನಿಜವೇನೋ. ಅವತ್ತೂ ಇವನು ಹೀಗೇ ತಡ ಮಾಡಿರಬೇಕು.

ಚಿಕ್ಕಪ್ಪ ಸಿಟ್ಟಾಗಲಿಲ್ಲ. ಮುಳ್ಳನ್ನೇ ನೋಡುತ್ತಾ ಹೇಳಿದ, ‘ಇನ್ನೂ ಬರದೆ ಇರೋವಾಗ ಕೂಗ್ಬುಟ್ರೆ ಸುಳ್ಳಾಗ್ಬುಡ್ತದಲ್ಲವ್ವ. ಪಕ್ಕಾ ದಾಟ್ಲಿ ಅಂತ ಕಾಯ್ತಿವ್ನಿ.’

‘ಮುಂಚೆ ಟ್ರಾಕ್ಟರ್ ಹತ್ರ ಹಿಂಗೇ ಕಾಯ್ತಿದ್ಯಾ?’

‘ಆಗ ಯಾಕ್ ಕಾಯ್ಲಿ? ಆಗ ಕಣ್ ನೋಡಿದ್ದು ಬಾಯಿಗ್ ಬತ್ತಿತ್ತು. ಈಗ ಕಣ್ಗೂ ಬಾಯ್ಗೂ ಮಧ್ಯೆ ಯಾರೋ ನಿಂತ್ಕಂಡು ಸಾಕ್ಷಿ ಕೇಳ್ದಂಗಾಯ್ತದೆ.’

ಆ ಮಾತು ಕೇಳಿದ ಮೇಲೆ ನಾನು ಬಹಳ ಹೊತ್ತು ವಿಮಾನ ಮುಟ್ಟಲಿಲ್ಲ. ಕೂಗುವವನ ಕೈಯಲ್ಲಿ ಏನಿರುತ್ತದೆ? ಹಿಡಿಯಲು ಸ್ಟೀರಿಂಗಿಲ್ಲ, ತುಳಿಯಲು ಬ್ರೇಕಿಲ್ಲ. ಇರುವುದೊಂದು ಮಾತು. ಅದನ್ನು ಕೇಳುವವನು ನಂಬಿದರೆ ಉಂಟು, ನಂಬದಿದ್ದರೆ ಇಲ್ಲ. ಒಮ್ಮೆ ನಂಬಿಕೆ ಹೋದರೆ ಕೇಳುವವನ ಕಿವಿ ಮಾತ್ರ ಕೆಡುವುದಿಲ್ಲ, ಕೂಗುವವನ ಗಂಟಲೂ ಕೆಡುತ್ತದೆ. ಡೈರಿಯ ಮುಂದೆ ಅಪ್ಪ ಆಡಿದ ಮಾತು ಇವನೊಳಗೆ ಇಳಿದು ಇಷ್ಟು ವರ್ಷ ಅಲ್ಲೇ ಕೂತಿತ್ತು. ಅವನು ತಡವಾಗಿ ಕೂಗುವವನಾಗಿದ್ದರಿಂದ ಅಪ್ಪ ಹಾಗೆ ಅಂದನೋ, ಅಪ್ಪ ಹಾಗೆ ಅಂದದ್ದರಿಂದ ಇವನು ತಡವಾಗಿ ಕೂಗುವವನಾದನೋ? ನನಗೆ ತಿಳಿಯಲಿಲ್ಲ, ತಿಳಿಯಲೇಬೇಕು ಅನ್ನಿಸಿತು.

ಪುಸ್ತಕ ತೆಗೆದು ಅದರಲ್ಲಿದ್ದುದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮುಳ್ಳು ಆ ವೇಗ ಮುಟ್ಟುವ ಹೊತ್ತಿಗೆ ಕೂಗು ಮುಗಿದಿರಬೇಕು, ಶುರುವಾಗುವುದಲ್ಲ. ಬಾಯಿಂದ ಹೊರಟ ಮಾತು ಕಿವಿಗೆ ಬಂದು ಕೈಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಒಂದು ಕೂದಲೆಳೆ ಮುಂಚೆಯೇ ಬಾಯಿ ತೆರೆಯಬೇಕು.

‘ಮುಂಚೆ ಕೂಗಿ ತಪ್ಪಾದ್ರೆ?’ ಅಂದ.

‘ತಪ್ಪಾದ್ರೆ ನನ್ನ ಹತ್ರ ಬೈಸ್ಕೊ. ನಾನಂತೂ ನೀನು ಕೂಗಿದಾಗ ಎತ್ತುತೀನಿ. ಮುಳ್ಳು ನೋಡಲ್ಲ.’

ನಿಜವಾಗಿಯೂ ನೋಡಲಿಲ್ಲ. ವೇಗದ ಮುಳ್ಳು ನನಗೆ ಕಾಣದ ಹಾಗೆ ಕೀಟನಾಶಕದ ಪೆಟ್ಟಿಗೆಯ ರಟ್ಟೊಂದನ್ನು ಪರದೆಗೆ ಅಡ್ಡ ಅಂಟಿಸಿದೆ, ಅವನ ಕಡೆಯಿಂದ ಮಾತ್ರ ಬಗ್ಗಿ ನೋಡಬಹುದಿತ್ತು. ಅವನು ಕೂಗಿದಾಗ ಎತ್ತಿದೆ. ಬೇಗ ಕೂಗಿದಾಗಲೂ ಎತ್ತಿದೆ, ವಿಮಾನ ಕಳ್ಳು ಕುಡಿದವನ ಹಾಗೆ ತೂರಾಡಿತು. ತಡವಾಗಿ ಕೂಗಿದಾಗಲೂ ಎತ್ತಿದೆ. ಆ ಮಳೆಗಾಲವೆಲ್ಲ ನಾವಿಬ್ಬರೂ, ಕರೆಂಟು ಇದ್ದ ಮಧ್ಯಾಹ್ನಗಳಲ್ಲಿ, ಹೀಗೆ ಎದ್ದು ಬಿದ್ದು ಕಳೆದೆವು. ನಿಧಾನವಾಗಿ ಅವನ ಗಂಟಲು ಬಿಟ್ಟಿತು. ‘ಎತ್ತು’ ಅನ್ನುವ ಮಾತು ಮುಗಿಯುವುದಕ್ಕೂ ವಿಮಾನ ಎತ್ತುವ ವೇಗ ಮುಟ್ಟುವುದಕ್ಕೂ ಸರಿಹೋಗತೊಡಗಿತು. ಅವನ ದನಿ ಹದಕ್ಕೆ ಬಂದದ್ದರಿಂದಲೋ ಏನೋ ನನ್ನ ಕೈಯೂ ಹದಕ್ಕೆ ಬಂತು, ಬಾಲ ಬಡಿಯುವುದು ತಪ್ಪಿತು. ಒಂದು ದಿನ ಬಸ್ಸು ಬಂದರೂ ಅವನು ಏಳಲಿಲ್ಲ. ‘ಓಗ್ಲಿ ಬುಡು, ಇನ್ನೊಂದ್ ಸಲ ಎತ್ತವ’ ಅಂದ. ಆರೇಳು ವರ್ಷದಲ್ಲಿ ಅವನ ಮುಖದಲ್ಲಿ ಆ ಹುರುಪು ಕಂಡಿರಲಿಲ್ಲ. ನನಗೆ ತುಂಬಾ ಸಂತೋಷವಾಯಿತು.

ಊರೆಂದ ಮೇಲೆ ಸುದ್ದಿ ನಿಲ್ಲುತ್ತದೆಯೇ? ‘ನಿನ್ ಮಗ್ಳೂ ನಿನ್ ತಮ್ಮಾನೂ ಗೊಬ್ರದಂಗ್ಡೀಲಿ ಇಮಾನ ಓಡುಸ್ತಾವ್ರಂತಲ್ಲಪ್ಪ’ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಕಬ್ಬಿನ ಹಂಗಾಮು ಶುರುವಾಗುವುದಕ್ಕೆ ಮುಂಚೆ ಒಂದು ಮಧ್ಯಾಹ್ನ ಅಪ್ಪ ಗೊಬ್ಬರದ ನೆಪ ಮಾಡಿಕೊಂಡು ಅಂಗಡಿಗೆ ಬಂದವನು ಬಾಗಿಲಿನ ಬಟ್ಟೆ ಸರಿಸಿ ಒಳಗೆ ನಿಂತ. ಆಗಷ್ಟೇ ಚಿಕ್ಕಪ್ಪ ‘ಎತ್ತು’ ಅಂದಿದ್ದ, ನಾನು ಎತ್ತಿದ್ದೆ. ಅಪ್ಪನನ್ನು ಕಂಡ ಚಿಕ್ಕಪ್ಪ ‘ನೆಲ ಬುಡ್ತು’ ಎಂಬುದನ್ನು ನುಂಗಿಕೊಂಡು ಎದ್ದು ನಿಂತ.

ಅಪ್ಪ ಕಂಪ್ಯೂಟರಿನ ಪರದೆ ನೋಡಿದ, ರಟ್ಟು ನೋಡಿದ. ತಮ್ಮನ ಕಡೆ ನೋಡದೆ ನನ್ನನ್ನು ಕೇಳಿದ, ‘ಇದೇನವ್ವ, ಕಣ್ ಮುಚ್ಕಂಡ್ ಓಡುಸ್ತೀಯ?’

‘ಕಣ್ಣು ಹೊರಗಿದೆ. ವೇಗ ಚಿಕ್ಕಪ್ಪ ಹೇಳ್ತಾನೆ.’

‘ಅವ್ನು ತಪ್ ಯೋಳುದ್ರೆ?’

‘ಹೇಳಲ್ಲ’ ಅಂದೆ. ಅಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅಪ್ಪನಿಗೆ ಯಂತ್ರ ಕಂಡರೆ ಕೈ ಸುಮ್ಮನಿರುವುದಿಲ್ಲ. ‘ಎಲ್ಲಿ, ಸರ್ಕೊ’ ಎಂದು ನನ್ನ ಕುರ್ಚಿಯಲ್ಲಿ ಕೂತ. ನಾನು ಹಿಂದೆ ನಿಂತೆ. ಹೊರಡಲೆಂದು ಮೂಟೆಯ ಕಡೆ ತಿರುಗಿದ ಚಿಕ್ಕಪ್ಪನ ಅಂಗಿ ಹಿಡಿದು ಸ್ಟೂಲಿನ ಮೇಲೆ ಕೂರಿಸಿದೆ. ಇಬ್ಬರು ಗಂಡಸರೂ ಎದುರಿನ ಪರದೆಯನ್ನೇ ನೋಡುತ್ತಾ ಕೂತರು. ಪಕ್ಕಕ್ಕೆ ತಿರುಗಿದರೆ ಪಾಪ ಬಂದೀತು ಅನ್ನುವ ಹಾಗಿತ್ತು.

ಮೊದಲ ಸಲ ಯಾರೂ ಕೂಗಲಿಲ್ಲ. ಎಲ್ಲಿ ಎಳೆಯಬೇಕೆಂದು ನಾನೇ ತೋರಿಸಿದೆ. ಅಪ್ಪ ಎಳೆದ. ಮೂತಿ ಎದ್ದಿತು. ಎದ್ದದ್ದೇ ತಡ, ಅವನ ಎಡಗಾಲು ಮೇಜಿನ ಕೆಳಗೆ ಧಡ್ ಎಂದು ಕ್ಲಚ್ ತುಳಿಯಿತು, ಕೈ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ನೂಕಿತು. ಅಲ್ಲಿ ಕ್ಲಚ್ಚೆಲ್ಲಿ? ಇದ್ದದ್ದು ಯುಪಿಎಸ್ಸು. ಸ್ವಿಚ್ಚಿಗೆ ಒದೆ ಬಿದ್ದು ಕಂಪ್ಯೂಟರೇ ಆರಿಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. ಜೀವಮಾನವಿಡೀ ಮೂತಿ ಏಳದ ಹಾಗೆ ನೋಡಿಕೊಂಡವನಿಗೆ ಬೇಕೆಂದೇ ಎತ್ತು ಎಂದರೆ ಕಾಲು ಕೇಳಬೇಕಲ್ಲ.

ಕಂಪ್ಯೂಟರು ಮತ್ತೆ ಎದ್ದಿತು. ‘ಈ ಸಲ ಕಾಲು ಕುರ್ಚಿ ಮೇಲಿಟ್ಕೊ ಅಪ್ಪ. ಚಿಕ್ಕಪ್ಪ ಆಯ್ತು ಅಂದಾಗ ಬಲದ ಹಿಡಿ ಬಿಟ್ಬಿಡು. ಎತ್ತು ಅಂದಾಗ ಎತ್ತು, ನಿಧಾನಕ್ಕೆ ಎತ್ತು, ಎತ್ತಿದ್ದನ್ನ ಬಿಡಬೇಡ’ ಅಂದೆ. ರಟ್ಟನ್ನು ಸರಿಮಾಡಿದೆ. ಚಿಕ್ಕಪ್ಪನ ಕಡೆ ನೋಡಿದೆ. ಅವನು ಆಗಲೇ ಮುಳ್ಳಿನ ಕಡೆ ಬಗ್ಗಿದ್ದ.

ವಿಮಾನ ಓಡಿತು.

‘ಎಂಬತ್ತು.’

ಅಪ್ಪನ ಭುಜ ಬಿಗಿಯಾಯಿತು. ಅಷ್ಟು ವರ್ಷಗಳ ಮೇಲೆ ತಮ್ಮನ ಬಾಯಿಂದ ಅವನಿಗೆಂದು ಹೊರಟ ಮೊದಲ ಮಾತು ಅದು.

‘ಆಯ್ತು.’ ಅಪ್ಪನ ಕೈ ಬಲದ ಹಿಡಿಯಿಂದ ಈಚೆ ಬಂತು.

‘ಎತ್ತು.’ ಕೂದಲೆಳೆಯಷ್ಟೂ ತಡವಾಗಲಿಲ್ಲ.

ಅಪ್ಪ ಎತ್ತಲಿಲ್ಲ. ಬದಲಿಗೆ ಕತ್ತು ವಾಲಿಸಿ ರಟ್ಟಿನ ಆಚೆ ಮುಳ್ಳು ಎಲ್ಲಿದೆ ಎಂದು ನೋಡಲು ಹೋದ. ಚಿಕ್ಕಪ್ಪ ಇನ್ನೊಂದು ಸಲ ಕೂಗಿದ, ‘ಎತ್ತಣ್ಣಯ್ಯ!’ ವಿಮಾನ ರನ್‌ವೇ ಮುಗಿಸಿ, ಹುಲ್ಲು ದಾಟಿ, ಎಲ್ಲೋ ನಿಂತುಬಿಟ್ಟಿತು. ಪರದೆಯ ಮೇಲೆ ಮುರಿಯಿತು ಎಂದು ಇಂಗ್ಲಿಷಿನಲ್ಲಿ ಬಂತು.

‘ಯಾಕಪ್ಪ, ಕೇಳಲಿಲ್ವಾ?’ ಎಂದೆ. ಕುಹಕದಿಂದ ಕೇಳಿದ್ದಲ್ಲ. ಬಾಯಿಗೆ ಬಂತು, ಕೇಳಿದೆ.

ಅಪ್ಪ ಜಾಯ್‌ಸ್ಟಿಕ್ಕು ಬಿಡದೆ ಕೂತಿದ್ದ. ಮುಂದಿನ ಅಂಗಡಿಯಲ್ಲಿ ಚೀಲ ಎತ್ತಿ ಹಾಕುವ ಸದ್ದು ಕೇಳುತ್ತಿತ್ತು.

‘ಕೇಳುಸ್ತು’ ಅಂದ. ಆಮೇಲೆ, ‘ಕೇಳುಸ್ತು ಕಣವ್ವ. ಎರಡ್ ಸಲೀನೂ ಕೇಳುಸ್ತು. ಇವ್ನ್ ಯೋಳ್ದಂಗೆ ಯಾಕ್ ಮಾಡ್ಲಿ, ನಾನೇ ನೋಡವ ಅಂದ್ಕಂಡೆ.’ ಮತ್ತೆ ಪರದೆಗೇ ಹೇಳುವ ಹಾಗೆ ಹೇಳಿದ, ‘ಅವತ್ತೂ ಕೇಳುಸ್ತು. ಇನ್ನೊಂದ್ ಮೊಳ ಅತ್ಬುಡ್ತದೆ ಅಂದ್ಕಂಡೆ.’

ಚಿಕ್ಕಪ್ಪ ಬೆಚ್ಚಲಿಲ್ಲ. ‘ನಂಗೊತ್ತು. ನಾನ್ ಕೂಗ್ದಾಗ ಮುಂದ್ಕೆ ತಿರುಗಿ ನನ್ ಮಕ ನೋಡ್ದೆ ನೀನು. ಕಾಲ್ ತುಳೀನಿಲ್ಲ’ ಅಂದ.

‘ಅದನ್ನ ಅವತ್ತೇ ಯಾಕ್ ಯೋಳ್ನಿಲ್ಲ?’ ಅಂದ ಅಪ್ಪ.

‘ಊರ್ ಮುಂದೆ ಅಣ್ಣನ್ನ ಸುಳ್ಳುಗಾರ ಅನ್ನಕ್ಕಾಯ್ತದ?’

ಅಪ್ಪ ಮೊದಲ ಸಲ ಪಕ್ಕಕ್ಕೆ ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಚಿಕ್ಕಪ್ಪ ಸ್ಟೂಲು ಬಿಟ್ಟು ಎದ್ದು ಕೈ ಅಡ್ಡ ಹಿಡಿದ. ‘ನಂಗೇನೂ ಯೋಳ್ಬ್ಯಾಡ ಅಣ್ಣಯ್ಯ. ನಂಗ್ ಗೊತ್ತಿರೋದ್ನ ನಂಗೇ ಯೋಳಿ ಏನಾಯ್ತದೆ? ನೀನು ಡೈರಿ ತಾವ ಯೋಳಿದ್ದೆ. ಅಲ್ಲೇ ಯೋಳು’ ಎಂದವನು ಬೂಸಾ ಮೂಟೆ ಹೆಗಲಿಗೇರಿಸಿ, ಕುಂಟುತ್ತಾ ಬಸ್ಸಿಗೆ ಹೊರಟುಹೋದ.

ಅವತ್ತಿನಿಂದ ಅಪ್ಪನನ್ನು ಕಂಡರೆ ನನಗೆ ಕೋಪ. ಕಾಲು ಮುರಿದದ್ದಕ್ಕಲ್ಲ. ದಿಣ್ಣೆಯ ಮೇಲೆ ಯಾರಿಗಾದರೂ ಹಾಗಾಗಬಹುದು. ಇನ್ನೊಂದು ಮೊಳ ಅನ್ನುವ ಆಸೆ ಯಾರಿಗಿಲ್ಲ? ಆಮೇಲಿನ ಆರೇಳು ವರ್ಷಕ್ಕೆ ಕೋಪ. ದಿನಾ ಬೆಳಿಗ್ಗೆ ಎದ್ದು, ಗೋಡೆಯಾಚೆ ತಮ್ಮ ಕುಂಟುವ ಸದ್ದು ಕೇಳಿಸಿಕೊಂಡು, ಸುಮ್ಮನೆ ಕಾಫಿ ಕುಡಿದನಲ್ಲ! ಅದರೊಳಗೇ ಅಯ್ಯೋ ಅಂತಲೂ ಅನ್ನಿಸುತ್ತಿತ್ತು. ಒಂದು ಕ್ಷಣ ಕ್ಲಚ್ ತುಳಿಯದವನಿಗೆ ಆಮೇಲೆ ಎಷ್ಟು ವರ್ಷ ಓಡಿದರೂ ನಿಲ್ಲಿಸಲು ಜಾಗ ಸಿಕ್ಕಿರಲಿಲ್ಲ. ನಾನು ಅಪ್ಪನೊಂದಿಗೆ ಮಾತು ಬಿಡಲಿಲ್ಲ. ನಮ್ಮ ಮನೆಯಲ್ಲಿ ಮಾತು ಬಿಟ್ಟವರು ಸಾಕಷ್ಟಿದ್ದರು. ‘ಯಾವಾಗ ಹೇಳ್ತೀಯ?’ ಎಂದು ಊಟಕ್ಕೆ ಕೂತಾಗೆಲ್ಲ ಕೇಳಿದೆ. ಅಪ್ಪ ಮುದ್ದೆ ಮುರಿಯುತ್ತಾ ತಟ್ಟೆ ನೋಡುತ್ತಿದ್ದ.

ನಮ್ಮ ಗದ್ದೆಗೆ ಕಬ್ಬು ಕಡಿಯುವವರು ಬರುವ ಹಿಂದಿನ ದಿನ ಬೆಳಿಗ್ಗೆ ಅಮ್ಮನ ಕೈಯಿಂದ ಹಾಲಿನ ಕ್ಯಾನು ಅಪ್ಪ ತೆಗೆದುಕೊಂಡ. ಅಪ್ಪ ಡೈರಿಗೆ ಹಾಲು ಹೊತ್ತವನಲ್ಲ. ಅಮ್ಮ ನನ್ನ ಮುಖ ನೋಡಿದಳು, ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದೆ.

ಸಾಲಿನಲ್ಲಿ ಅರ್ಧ ಊರಿತ್ತು. ಮುಂದುಗಡೆ ಎಲ್ಲೋ ಚಿಕ್ಕಪ್ಪ ಇದ್ದ. ಅಪ್ಪ ಕೊನೆಯಲ್ಲಿ ನಿಂತ. ಸಾಲು ಸರಿದಷ್ಟೂ ಕ್ಯಾನು ಮುಂದಕ್ಕೆ ಇಡುತ್ತಾ ಹೋದ. ಇವನ ಕೈಲಿ ಆಗುವುದಿಲ್ಲ ಎಂದುಕೊಂಡೆ. ಚಿಕ್ಕಪ್ಪ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ತಿರುಗಿದಾಗ ಅಪ್ಪ ಸಾಲು ಬಿಟ್ಟು ಈಚೆ ಬಂದ.

‘ಎಲ್ರೂ ಕೇಳಿ’ ಅಂದ. ‘ಅವತ್ತು ನನ್ ತಮ್ಮ ಕೂಗಿದ್ದ. ನಂಗ್ ಕೇಳಿಸಿತ್ತು. ಬುಡ್ದೆ ಇದ್ದೋನು ನಾನು.’

ಯಾರೋ ಹಿರಿಯರು, ‘ಓಗ್ಲಿ ಬುಡಪ್ಪ, ಅಳೇ ಮಾತು’ ಎಂದು ಮುಚ್ಚಿಹಾಕಲು ನೋಡಿದರು.

‘ಅಳೇದಲ್ಲ ಕಣಣ್ಣ. ದಿನಾ ಕೇಳುಸ್ತದೆ’ ಅಂದ ಅಪ್ಪ. ಅವನ ಕಣ್ಣು ತುಂಬಿತ್ತು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಚಿಕ್ಕಪ್ಪ ಕ್ಯಾನು ಇನ್ನೊಂದು ಕೈಗೆ ಬದಲಿಸಿಕೊಂಡು ಮನೆಯ ಕಡೆ ನಡೆದ.

ಮಾರನೆಯ ದಿನ ಮೊದಲ ಟ್ರೈಲರು ತುಂಬಿದಾಗ ನಾನೂ ಏರಿಯ ಮೇಲೆ ನಿಂತಿದ್ದೆ. ಅಪ್ಪ ಟ್ರಾಕ್ಟರನ್ನು ದಿಣ್ಣೆಯ ಬುಡಕ್ಕೆ ತಂದು ಎಂಜಿನ್ನು ಆರಿಸದೆ ಕಾದ. ಮುಂದೆ ನಿಲ್ಲಲು ಬಂದ ಒಬ್ಬನನ್ನು ಕೈಸನ್ನೆಯಲ್ಲೇ ಆಚೆ ಕಳಿಸಿದ. ಆಮೇಲೆ ಗದ್ದೆಯ ಬದುವಿನ ಮೇಲೆ ಚಿಕ್ಕಪ್ಪ ಬರುವುದು ಕಾಣಿಸಿತು. ಅವಸರವಿಲ್ಲದೆ, ಕುಂಟುತ್ತಾ ಬಂದ. ತಾನು ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಪಂಚೆ ಎತ್ತಿ ಕಟ್ಟಿದ.

ಅಪ್ಪ ಕತ್ತು ಹಿಂದಕ್ಕೆ ತಿರುಗಿಸಿ ಟ್ರೈಲರು ನೋಡುತ್ತಾ ಹತ್ತಿಸಿದ. ಮುಂದಿನ ಗಾಲಿ ನೆಲ ಬಿಟ್ಟಿತು. ಗೇಣು ಎದ್ದಿತು. ಚಿಕ್ಕಪ್ಪ ಕೂಗಲಿಲ್ಲ, ಅದಿನ್ನೂ ಹದದಲ್ಲಿತ್ತು. ಇನ್ನೊಂದು ಗೇಣು ಎದ್ದಿತು.

‘ಬುಡು!’

ಅಪ್ಪ ಮುಂದಕ್ಕೆ ತಿರುಗಿ ನೋಡಲಿಲ್ಲ. ಬಿಟ್ಟ.